ಬೆಟ್ಟದ ದಾರಿಗೆ ಒಂದು ದಿನ ಹೆಚ್ಚಿರಲಿ

ಬೆಟ್ಟವನ್ನೇರುವ ಸೈಕಲ್ಲಿನ ಚರಿತ್ರೆಯಲ್ಲಿ 1976ನೆಯ ಇಸವಿಗೆ ಎರಡು ಕಾರಣಗಳಿಂದ ಮಹತ್ತ್ವವುಂಟು. ಆ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಕೆಲವರು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ನೆತ್ತಿಗೆ ಒಯ್ದು, ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ಯಾರು ಮೊದಲು ಕೆಳಗೆ ಮುಟ್ಟುವರೆಂದು ಗಡಿಯಾರ ಹಿಡಿದು ಪಂದ್ಯವಾಡಿದರು. ಒಂದು ಇಳಿತದಲ್ಲಿಯೇ ಹಿಂಗಾಲಿಯ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿದ್ದುದರಿಂದ ಮತ್ತೆ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು, ಆ ಕೆಲಸದಿಂದಲೇ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದಿತು. ಅದಕ್ಕೆ ಕೆಲವೇ ವಾರಗಳ ಮುಂಚೆ, ಕೊಲರಾಡೊ ಸಂಸ್ಥಾನದ ಕ್ರೆಸ್ಟೆಡ್ ಬ್ಯೂಟ್ ಎಂಬ ಹಳೆಯ ಗಣಿಯೂರಿನ ಒಂದು ಗುಂಪು ಅಂಥವೇ ಸೈಕಲ್ಲುಗಳನ್ನು ಹಿಡಿದು, ಸುಮಾರು 3,870 ಮೀಟರ್ ಎತ್ತರದಲ್ಲಿರುವ ಪರ್ಲ್ ಪಾಸ್ ಎಂಬ ಕಣಿವೆಮಾರ್ಗವನ್ನು ದಾಟಿ, ನಡುವೆ ಒಂದು ರಾತ್ರಿ ಬಯಲಿನಲ್ಲಿ ತಂಗಿ, ಆಸ್ಪೆನ್ ಪಟ್ಟಣವನ್ನು ಸೇರಿತು. ಆಸ್ಪೆನ್ನಿನ ಕೆಲವು ಮೋಟಾರ್‌ಸೈಕಲ್ ಸವಾರರು ಅದೇ ದಾರಿಯಿಂದ ಕ್ರೆಸ್ಟೆಡ್ ಬ್ಯೂಟಿಗೆ ಬಂದು ಬೀಗಿದ್ದರೆಂಬ ವಿನೋದದ ಹಠವೇ ಆ ಯಾತ್ರೆಗೆ ಪ್ರೇರಣೆ.

ಹೀಗೆ ಒಂದೇ ಯಂತ್ರಕ್ಕೆ ಒಂದೇ ಋತುವಿನಲ್ಲಿ ಎರಡು ಸಂಸ್ಕಾರಗಳು ದೊರೆತವು: ಒಂದು ಕಾಲವನ್ನು ಅಳೆಯುವುದು, ಇನ್ನೊಂದು ಕಾಲವನ್ನು ಕೂಡಿ ಕಳೆಯುವುದು. ಮೊದಲನೆಯದು ಬೆಳೆದು ದೊಡ್ಡದಾಗಿ, 1996ರಲ್ಲಿ ಅಟ್ಲಾಂಟದ ಒಲಿಂಪಿಕ್ ಕೂಟವನ್ನೇ ಪ್ರವೇಶಿಸಿತು. ಅದರ ಕೀರ್ತಿಗೆ ನನ್ನ ಮಾತಿನ ಅಗತ್ಯವಿಲ್ಲ. ಎರಡನೆಯದರ ಪರವಾಗಿ ವಾದಿಸುವವರು ವಿರಳ. ನಾಲ್ಕಾರು ಮಂದಿ ಮಿತ್ರರು, ಬೆನ್ನಿಗೊಂದು ಚೀಲ, ಹಗಲಿಗೊಂದು ಏರು, ಇರುಳಿಗೊಂದು ತಂಗುಮನೆ, ಹೀಗೆ ಹಲವು ದಿನ ಸಾಗುವ ಪ್ರಯಾಣವನ್ನು ಕುರಿತು ಈಚೆಗೆ ಕೇಳಿಬರುವ ಪ್ರಶ್ನೆಗಳು ಎರಡು: ಒಂದೇ ದಿನದಲ್ಲಿ ಮುಗಿಸಬಲ್ಲ ದಾರಿಗೆ ಮೂರು ನಾಲ್ಕು ದಿನಗಳೇಕೆ? ಇಷ್ಟು ದೂರ ಬಂದವರಿಗೆ ಬಿಸಿನೀರೂ ಮೆತ್ತನೆಯ ಹಾಸಿಗೆಯೂ ಏಕಿಲ್ಲ? ಈ ಎರಡು ಪ್ರಶ್ನೆಗಳ ಮೂಲವೂ ಒಂದೇ ಎಂದು ನನ್ನ ಅಭಿಪ್ರಾಯ. ತಂಗುಮನೆಯನ್ನು ಬಳಸದೆ ಮುಂದೆ ಓಡುವವನೂ, ಅದನ್ನು ಹೋಟೆಲಾಗಿ ಮಾಡಬಯಸುವವನೂ, ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ವಸ್ತುವನ್ನು ಕೆಡಿಸುತ್ತಾರೆ.

ನ್ಯೂಜಿಲೆಂಡಿನ ಬೆಟ್ಟಗಾಡನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ತಂಗುಮನೆಯೆಂಬುದು ಸಿರಿವಂತರ ವಿಲಾಸವಾಗಿ ಹುಟ್ಟಿದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವಲಸಿಗರು ಬೇಟೆಯ ಆಸೆಯಿಂದ ತಂದುಬಿಟ್ಟ ಜಿಂಕೆಗಳು, ಅವುಗಳನ್ನು ಹಿಡಿದು ತಿನ್ನುವ ಮೃಗವೊಂದೂ ಇಲ್ಲದ ಆ ಕಾಡುಗಳಲ್ಲಿ ಮಿತಿಮೀರಿ ಬೆಳೆದು, ಎಳೆಯ ಗಿಡಗಳನ್ನೆಲ್ಲ ಮೇಯ್ದು ಮುಗಿಸತೊಡಗಿದಾಗ, 1930ರ ದಶಕದಿಂದ ಸರಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ನೇಮಿಸಬೇಕಾಯಿತು. 1956ರಲ್ಲಿ ಈ ಹೊಣೆಯು ಅರಣ್ಯ ಇಲಾಖೆಗೆ ಸೇರಿದ ಮೇಲೆ, ತಿಂಗಳುಗಟ್ಟಲೆ ಕಾಡಿನಲ್ಲಿಯೇ ಇರಬೇಕಾದ ಆ ಕೂಲಿ ಬೇಟೆಗಾರರಿಗಾಗಿ ಕಣಿವೆ ಕಣಿವೆಗೂ ಪುಟ್ಟ ಮನೆಗಳೆದ್ದವು: ತಗಡಿನ ಮಾಡು, ನಾಲ್ಕಾರು ಹಲಗೆಯ ಮಂಚ, ಒಂದು ಒಲೆ, ಮಳೆನೀರಿನ ಒಂದು ತೊಟ್ಟಿ, ಇಷ್ಟೇ. ಹೆಲಿಕಾಪ್ಟರಿನ ಬೇಟೆ ಬಂದು ಆ ಕಸುಬು ಮುಗಿಯಿತು, ಮನೆಗಳು ಉಳಿದವು. 1987ರಲ್ಲಿ ಸ್ಥಾಪಿತವಾದ ಸಂರಕ್ಷಣಾ ಇಲಾಖೆಯ ವಶದಲ್ಲಿ ಇಂದು ಹೊಸವೂ ಹಳೆಯವೂ ಕೂಡಿ 900ಕ್ಕಿಂತ ಹೆಚ್ಚು ತಂಗುಮನೆಗಳಿವೆ. ನಮ್ಮ ಹಿಂದಿನವರು ದಾರಿಹೋಕರಿಗಾಗಿ ಕಟ್ಟಿಸುತ್ತಿದ್ದ ಛತ್ರಗಳಂತೆ, ಇವು ಯಾವನೊಬ್ಬನವೂ ಅಲ್ಲದೆ ಬಂದವರೆಲ್ಲರವೂ ಆಗಿವೆ. ಕೊಡಬೇಕಾದ ಶುಲ್ಕ ಉಂಟು, ಆದರೆ ಕೊಟ್ಟ ಶುಲ್ಕದಿಂದ ಯಾರೂ ಅಲ್ಲಿ ಯಜಮಾನರಾಗುವುದಿಲ್ಲ.

ಈ ಪರಂಪರೆಯ ಈಚಿನ ಫಲಗಳಲ್ಲೊಂದು ‘ಓಲ್ಡ್ ಘೋಸ್ಟ್ ರೋಡ್’ ಎಂಬ 85 ಕಿಲೋಮೀಟರಿನ ದಾರಿ. ದಕ್ಷಿಣ ದ್ವೀಪದ ವಾಯವ್ಯದಲ್ಲಿ, ಬುಲ್ಲರ್ ನದಿಯ ಕಮರಿಗೆ ಅಂಟಿಕೊಂಡಿದ್ದ ಲಯಲ್ ಎಂಬ ಸ್ಥಳದಲ್ಲಿ 1862ರಲ್ಲಿ ಮಾವೊರಿ ಜನರಿಗೆ ಚಿನ್ನ ಸಿಕ್ಕಿದ ಮೇಲೆ, ನೋಡುನೋಡುತ್ತಿದ್ದಂತೆ ಅಲ್ಲೊಂದು ಊರು ಬೆಳೆಯಿತು. ಅಂಗಡಿ, ಹೋಟೆಲು, ಶಾಲೆ ಎಲ್ಲವೂ ಆದವು. ಲಯಲ್ಲಿನಿಂದ ಉತ್ತರಕ್ಕೆ ಮೊಕಿಹಿನುಯಿ ನದಿಯ ಚಿನ್ನದ ನೆಲೆಗಳವರೆಗೆ ಪರ್ವತವನ್ನು ಸೀಳಿ ಒಂದು ದಾರಿ ಮಾಡಬೇಕೆಂದು ಎರಡು ತುದಿಗಳಿಂದಲೂ ಕೆಲಸ ಆರಂಭವಾಯಿತು, ಆದರೆ ಅವು ನಡುವೆ ಸೇರುವ ಮೊದಲೇ ಚಿನ್ನವೂ ಉತ್ಸಾಹವೂ ತೀರಿದವು. ಆಮೇಲೆ 1929ರ ಜೂನ್ 17ರಂದು ಮರ್ಚಿಸನ್ ಭೂಕಂಪ ಸಂಭವಿಸಿ, ಬೆಟ್ಟಗಳ ಪಕ್ಕಗಳೇ ಕಳಚಿ ಕಣಿವೆಗಳಿಗೆ ಬಿದ್ದವು. ಇಂದು ಲಯಲ್ಲಿನಲ್ಲಿ ಕಾಣುವುದು ಮರಗಳ ನಡುವಿನ ಒಂದು ಸ್ಮಶಾನ, ಬಿಡಾರ ಹೂಡುವ ಒಂದು ಹುಲ್ಲುಬಯಲು. ದಾರಿಯ ಆಸುಪಾಸಿನಲ್ಲಿ ಹೀಗೆ ಅಳಿದುಹೋದ ಊರುಗಳು ನಾಲ್ಕು. ಅವುಗಳ ನೆನಪಿಗಾಗಿಯೇ ಇದು ಭೂತಗಳ ದಾರಿ.

ಆ ಹಳೆಯ ಕನಸಿನ ನಕ್ಷೆಯೊಂದು ಬಹುಕಾಲದ ಮೇಲೆ ಸ್ಥಳೀಯರ ಕೈಗೆ ಬಂದು, ಅವರು ಒಂದು ವಿಶ್ವಸ್ತಮಂಡಲಿಯನ್ನು ಕಟ್ಟಿಕೊಂಡು, ಸರಕಾರದ ನೆರವನ್ನೂ ಸ್ವಯಂಸೇವಕರ ಬೆವರನ್ನೂ ಕೂಡಿಸಿ, 2015ರ ಡಿಸೆಂಬರಿನಲ್ಲಿ ದಾರಿಯನ್ನು ಪೂರ್ತಿಗೊಳಿಸಿದರು. ಈ ನಡುವೆ ಇನ್ನೊಂದು ಸಂಗತಿ ನಡೆಯಿತು. ಮೊಕಿಹಿನುಯಿ ನದಿಗೆ 85 ಮೀಟರ್ ಎತ್ತರದ ವಿದ್ಯುತ್ ಅಣೆಕಟ್ಟೊಂದನ್ನು ಕಟ್ಟುವ ಯೋಜನೆ ಆಗ ಬಲವಾಗಿತ್ತು. ಕಟ್ಟಿದ್ದರೆ ದಾರಿಯ ಕೆಳಭಾಗದ ಕಮರಿ ಮುಳುಗಡೆಯಾಗುತ್ತಿತ್ತು. 2012ರಲ್ಲಿ ಕಂಪನಿಯು ಯೋಜನೆಯನ್ನು ಕೈಬಿಟ್ಟಿತು, 2019ರಲ್ಲಿ ಆ ನದಿಯ ಜಲಾನಯನ ಪ್ರದೇಶ ಕಹುರಂಗಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಶರಾವತಿಯ ಕಥೆಯನ್ನು ಬಲ್ಲ ನಮಗೆ, ಇಂಥ ಮುಕ್ತಾಯ ಎಷ್ಟು ಅಪರೂಪದ್ದೆಂದು ಹೇಳಿಕೊಡಬೇಕಾಗಿಲ್ಲ. ಚಿನ್ನದವರ ಅವಸರದಿಂದ ಹುಟ್ಟಿ, ಅವರ ನಿರಾಶೆಯಿಂದ ಅರ್ಧಕ್ಕೆ ನಿಂತು, ಮುಳುಗಡೆಯಿಂದಲೂ ಪಾರಾಗಿ ಬಂದ ದಾರಿಯೊಂದನ್ನು ಬೆಳಗಿನಿಂದ ಸಂಜೆಯೊಳಗೆ ತುಳಿದು ಮುಗಿಸಿ, ಎಷ್ಟು ಗಂಟೆ ಎಷ್ಟು ನಿಮಿಷ ಎಂದು ಬರೆದಿಟ್ಟುಕೊಳ್ಳುವುದು ಸಾಧ್ಯವಿದೆ. ಬಲಶಾಲಿಗಳು ಮಾಡುತ್ತಲೂ ಇದ್ದಾರೆ. ಅವರ ಶಕ್ತಿಗೆ ನನ್ನ ನಮಸ್ಕಾರ. ಆದರೆ ದಾರಿ ಅವರಿಗೆ ತೋರಿದ್ದು ತನ್ನ ಉದ್ದವನ್ನು ಮಾತ್ರ.

ಕ್ರೈಸ್ಟ್‌ಚರ್ಚಿನಲ್ಲಿ ನೆಲೆಸಿರುವ ಕೆಲವರು ಕನ್ನಡದ ಮಿತ್ರರೊಡನೆ ಒಂದು ಮಾರ್ಚ್ ತಿಂಗಳಿನಲ್ಲಿ ನಾನು ಈ ದಾರಿಯನ್ನು ಹಿಡಿದಿದ್ದೆ. ಲಯಲ್ಲಿನಿಂದ ಮೊದಲ 30 ಕಿಲೋಮೀಟರು ಬಹುಮಟ್ಟಿಗೆ ಏರೇ. ಬೀಚ್ ಮರಗಳ ದಟ್ಟ ನೆರಳಿನಲ್ಲಿ ಚಿಕ್ಕ ಗೇರಿನಲ್ಲಿ ಪೆಡಲು ತುಳಿಯುತ್ತ, ಲಯಲ್ ಸ್ಯಾಡಲ್ ಎಂಬ ತಂಗುಮನೆಯನ್ನು ಹಾಯ್ದು, ಮರಗಳು ಮುಗಿದು ಹುಲ್ಲಿನ ನೆತ್ತಿ ತೆರೆದುಕೊಳ್ಳುವವರೆಗೆ ಏರುತ್ತಲೇ ಇರಬೇಕು. ನಮ್ಮಲ್ಲಿ ಎಲ್ಲರ ಉಸಿರೂ ಸಮವಾಗಿರಲಿಲ್ಲ. ಲೆಕ್ಕಪತ್ರದ ಮೇಜಿನ ಮುಂದೆ ಆಯುಷ್ಯವನ್ನು ಕಳೆದ ಹಿರಿಯ ಮಿತ್ರರೊಬ್ಬರು ಪ್ರತಿ ತಿರುವಿನಲ್ಲಿಯೂ ಸೈಕಲ್ಲಿಳಿದು, “ನೀವು ಮುಂದೆ ಹೋಗ್ರಪ್ಪಾ, ನಾನು ನಿಧಾನವಾಗಿ ಬರ್ತೀನಿ” ಎನ್ನುತ್ತಿದ್ದರು, ಯಾರೂ ಹೋಗಲಿಲ್ಲ. ಹೋಗದಿರುವುದಕ್ಕೆ ನಮ್ಮ ಸೌಜನ್ಯಕ್ಕಿಂತಲೂ ಮುಖ್ಯವಾದ ಕಾರಣವೊಂದಿತ್ತು: ಆ ದಿನ ಮುಟ್ಟಬೇಕಾದ ಸ್ಥಳ ನಿಶ್ಚಿತವಾಗಿತ್ತು, ಅದಕ್ಕಿಂತ ಮುಂದೆ ಹೋಗಿ ಪಡೆಯಬಹುದಾದದ್ದು ಏನೂ ಇರಲಿಲ್ಲ. ಮುಂದೋಡಿದವನು ಒಂದು ಗಂಟೆ ಮೊದಲು ತಣ್ಣನೆಯ ಮನೆಯನ್ನು ಸೇರಿ, ಉಳಿದವರಿಗಾಗಿ ಕಾಯಬೇಕಾಗಿತ್ತಷ್ಟೆ. ಗುಂಪಿನಲ್ಲಿ ಅತ್ಯಂತ ನಿಧಾನಿಯಾದವನ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗುವಂತೆ ಮಾಡುವುದಕ್ಕೆ ಉಪದೇಶಕ್ಕಿಂತ ಇಂಥ ಏರ್ಪಾಟೇ ಸಮರ್ಥವಾದುದು.

ಸುಮಾರು 1,200 ಮೀಟರ್ ಎತ್ತರದಲ್ಲಿ, ಕಡಿದಾದ ಬಂಡೆಯ ಅಂಚಿನಲ್ಲಿ ನಿಂತಿರುವ ಘೋಸ್ಟ್ ಲೇಕ್ ತಂಗುಮನೆಯಲ್ಲಿ ನಾವು ರಾತ್ರಿಯನ್ನು ಕಳೆದೆವು. ಒಂದು ಒಲೆಗೆ ಇಪ್ಪತ್ತು ಮಂದಿಯ ಒದ್ದೆ ಕಾಲುಚೀಲಗಳು ಸುತ್ತುಗಟ್ಟಿದ್ದವು. ಜರ್ಮನಿಯಿಂದ ಬಂದ ದಂಪತಿಗಳು, ನೆಲ್ಸನ್ನಿನ ಒಂದು ಸಂಸಾರ, ಒಂಟಿಯಾಗಿ ನಡೆದುಬಂದ ವೃದ್ಧೆಯೊಬ್ಬರು, ಎಲ್ಲರೂ ಒಂದೇ ಉದ್ದ ಬೆಂಚಿನ ಮೇಲೆ. ನಾವು ಮನೆಯಿಂದಲೇ ಕಲಸಿ ತಂದಿದ್ದ ಗೊಜ್ಜವಲಕ್ಕಿಯ ಪುಡಿಗೆ ಬಿಸಿನೀರು ಹೊಯ್ದು ಹತ್ತು ನಿಮಿಷ ಮುಚ್ಚಿಟ್ಟು ತೆರೆದಾಗ, ಹುಣಿಸೆ ಬೆಲ್ಲಗಳ ವಾಸನೆಗೆ ಬೆಂಚಿನ ಆ ತುದಿಯವರೂ ತಿರುಗಿ ನೋಡಿದರು. ಆಮೇಲೆ ಅವರ ಚಾಕೊಲೇಟು ಈ ಕಡೆಗೆ, ನಮ್ಮ ಚಟ್ನಿಪುಡಿ ಆ ಕಡೆಗೆ. ಒಬ್ಬನ ಚೈನಿನ ಕೊಂಡಿ ಸಡಿಲವಾಗಿತ್ತು, ಇನ್ನೊಬ್ಬನಲ್ಲಿ ಅದನ್ನು ಸರಿಮಾಡುವ ಸಾಧನವಿತ್ತು. ಬಿಸಿನೀರಿನ ಸ್ನಾನವೂ ಬೇರೆ ಬೇರೆ ಕೋಣೆಗಳೂ ಇದ್ದಿದ್ದರೆ ಈ ಕೊಡುಕೊಳ್ಳುವಿಕೆಗೆ ಅವಕಾಶವೇ ಇರುತ್ತಿರಲಿಲ್ಲ. ಅನುಕೂಲವೆಂಬುದು ಮನುಷ್ಯನನ್ನು ಮನುಷ್ಯನಿಂದ ಬಿಡಿಸುವ ಒಂದು ವಿದ್ಯೆ. ನಗರದಲ್ಲಿ ಅದು ಬೇಕು, ಏಕೆಂದರೆ ಅಲ್ಲಿ ಮನುಷ್ಯರು ಅತಿಯಾಗಿದ್ದಾರೆ. ಬೆಟ್ಟದ ಮೇಲೆ, ಹಗಲೆಲ್ಲ ಗಾಳಿಯನ್ನೂ ಬಂಡೆಯನ್ನೂ ಕಂಡು ಬಂದವನಿಗೆ, ಸಂಜೆ ಮತ್ತೊಬ್ಬನ ಮೊಣಕೈ ತಾಗುವುದು ಹಿತವೇ ಆಗುತ್ತದೆ.

ಮರುದಿನದ ಇಳಿತದಲ್ಲಿ ಸುಮಾರು 300 ಮರದ ಮೆಟ್ಟಿಲುಗಳು ಬರುತ್ತವೆ. ಅಲ್ಲಿ ಸೈಕಲ್ಲನ್ನು ಏರಿ ಇಳಿಯುವ ಮಾತಿಲ್ಲ. ಹೆಗಲಿಗೇರಿಸಿಯೋ, ಮುಂದಿನವನು ಹ್ಯಾಂಡಲನ್ನೂ ಹಿಂದಿನವನು ಸೀಟನ್ನೂ ಹಿಡಿದೋ ಇಳಿಸಬೇಕು. ಎಷ್ಟೇ ಬೆಲೆಯ ಯಂತ್ರವಾದರೂ ಅಲ್ಲಿ ಅದು ಹೊರೆಯೇ. ಆಮೇಲೆ ಸ್ಟರ್ನ್ ಕಣಿವೆಯನ್ನು ದಾಟಿ, ಭೂಕಂಪದಲ್ಲಿ ಉದುರಿದ ಬಂಡೆಗಳ ರಾಶಿಯ ನಡುವೆ ಹಾಯ್ದು, ಮೊಕಿಹಿನುಯಿಯ ಕಮರಿಯಲ್ಲಿ ನದಿಯ ಮಗ್ಗುಲಿಗೇ ಸಾಗಿ ಸೆಡನ್‌ವಿಲ್ಲಿಗೆ ಇಳಿಯುವ ದಾರಿಯನ್ನು ವಿಸ್ತಾರವಾಗಿ ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಅದರ ಸೊಬಗನ್ನು ನೋಡಬಯಸುವವನು ನಿಲ್ಲಬೇಕು, ನಿಂತರೆ ಸ್ಯಾಂಡ್‌ಫ್ಲೈ ಎಂಬ ಕಚ್ಚುನೊಣಗಳು ಮುತ್ತುತ್ತವೆ ಎಂಬುದಷ್ಟೇ ಅಲ್ಲಿನ ಸಂಕಟ.

ತಂಗುಮನೆಗೆ ಆಚಾರವೂ ಉಂಟು. ಅದನ್ನು ಕಾಯಲು ಕಾವಲುಗಾರನು ಎಲ್ಲ ಕಡೆಯೂ ಇರುವುದಿಲ್ಲ. ಬಂದವನು ಮೊದಲು ಅಲ್ಲಿನ ಪುಸ್ತಕದಲ್ಲಿ ಹೆಸರನ್ನೂ ಮುಂದೆ ಹೋಗುವ ದಿಕ್ಕನ್ನೂ ಬರೆಯಬೇಕು, ಏಕೆಂದರೆ ನಾಳೆ ಅವನು ಕಾಣೆಯಾದರೆ ಹುಡುಕುವವರಿಗೆ ಮೊದಲ ಸುಳಿವು ಆ ಸಾಲೇ. ಹೊರಡುವವನು ನೆಲ ಗುಡಿಸಬೇಕು, ಕಸವನ್ನು ತನ್ನ ಚೀಲದಲ್ಲಿಯೇ ಹೊತ್ತೊಯ್ಯಬೇಕು, ಸೌದೆಯ ಒಲೆಯಿರುವಲ್ಲಿ ಉರಿಸಿದಷ್ಟನ್ನು ಒಡೆದು ಜೋಡಿಸಿಡಬೇಕು. ತಾನು ಎಂದೂ ನೋಡದ, ಮುಂದೆಯೂ ನೋಡಲಾರದ ಒಬ್ಬನಿಗಾಗಿ ಸೌದೆ ಒಡೆಯುವುದು ನಾಗರಿಕತೆಯ ಸಣ್ಣ ಪಾಠವಲ್ಲ. ದೊಡ್ಡ ದೊಡ್ಡ ಸಭೆಗಳಲ್ಲಿ ನಾವು ಸಾರ್ವಜನಿಕ ಆಸ್ತಿಯ ಗೌರವವನ್ನು ಕುರಿತು ಭಾಷಣ ಮಾಡುತ್ತೇವೆ. ಅಲ್ಲಿ ಒಂದು ಕೊಡಲಿಯೂ ಒಂದು ಪೊರಕೆಯೂ ಅದನ್ನು ಕಲಿಸುತ್ತವೆ. ಆದರೆ ಈ ಪಾಠ ದೊರೆಯುವುದು ರಾತ್ರಿ ತಂಗಿದವನಿಗೆ ಮಾತ್ರ. ಬಾಗಿಲಲ್ಲಿ ನೀರು ತುಂಬಿಕೊಂಡು ಮುಂದೆ ಓಡುವವನು ಆ ಮನೆಗೆ ಸಾಲಗಾರನೂ ಅಲ್ಲ, ದಾನಿಯೂ ಅಲ್ಲ.

ಸೈಕಲ್ಲಿನವರ ವಿರುದ್ಧವಾಗಿಯೂ ಒಂದು ನ್ಯಾಯವಾದ ದೂರಿದೆ. ಕಾಲುನಡಿಗೆಯವನು ಶಾಂತಿಗಾಗಿ ಬಂದಿರುತ್ತಾನೆ. ತಿರುವಿನಿಂದ ಥಟ್ಟನೆ ಎರಗುವ ಚಕ್ರ ಅವನ ಶಾಂತಿಯನ್ನು ಕೆಡಿಸುತ್ತದೆ. ಓಲ್ಡ್ ಘೋಸ್ಟ್ ರೋಡಿಗೆ ಹೆಚ್ಚು ದೂರವಿಲ್ಲದ ಹೀಫಿ ಟ್ರ್ಯಾಕ್ ಎಂಬ 78 ಕಿಲೋಮೀಟರಿನ ಪುರಾತನ ದಾರಿಯಲ್ಲಿ ಈ ವ್ಯಾಜ್ಯವನ್ನು ತೀರಿಸಿದ ರೀತಿ ಬುದ್ಧಿವಂತಿಕೆಯದು. 1996ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾದಾಗ ಸೈಕಲ್ಲು ನಿಷಿದ್ಧವಾಯಿತು. 2011ರಲ್ಲಿ ಪರೀಕ್ಷಾರ್ಥವಾಗಿ ಮತ್ತೆ ಬಿಟ್ಟರು. ಈಗ ಮೇ 1ರಿಂದ ನವೆಂಬರ್ 30ರವರೆಗೆ, ಎಂದರೆ ನಡೆಯುವವರು ವಿರಳವಾದ ಚಳಿಯ ತಿಂಗಳುಗಳಲ್ಲಿ, ಸೈಕಲ್ಲಿಗೆ ಪ್ರವೇಶವುಂಟು, ಬೇಸಗೆಯೆಲ್ಲ ನಡೆಯುವವರದೇ. ಅಷ್ಟೇ ಅಲ್ಲ, ಆ ದಾರಿಯಲ್ಲಿ ಕತ್ತಲಾದ ಮೇಲೆ ಸವಾರಿ ಕೂಡದು. ಅದಕ್ಕೆ ಕಾರಣಗಳಲ್ಲೊಂದು, ಪವೆಲಿಫಾಂಟ ಎಂಬ ದೈತ್ಯ ಬಸವನಹುಳುಗಳೂ ಕಿವಿ ಹಕ್ಕಿಗಳೂ ರಾತ್ರಿಯಲ್ಲಿ ಸಂಚರಿಸುತ್ತವೆ ಎಂಬುದು. ಜಗತ್ತಿನ ಅತ್ಯಂತ ನಿಧಾನದ ಪ್ರಾಣಿಗಳಲ್ಲೊಂದಕ್ಕಾಗಿ ಚಕ್ರವನ್ನು ನಿಲ್ಲಿಸುವ ಈ ಶಾಸನವನ್ನು ಓದಿ ನಗುವವರು ಇರಬಹುದು; ನನಗಂತೂ ಅದು ಮೆಚ್ಚಿಗೆಯಾಯಿತು. ಕತ್ತಲಾದ ಮೇಲೆ ಹೋಗಬಾರದೆಂದಾದರೆ ತಂಗಲೇಬೇಕು, ತಂಗಲೇಬೇಕೆಂದಾದರೆ ದಾರಿ ತನ್ನ ದಿನಗಳನ್ನು ತಾನೇ ಕೇಳಿ ಪಡೆಯುತ್ತದೆ.

ನನ್ನ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ದಿನಗಳು ಎಲ್ಲರ ಕೈಯಲ್ಲಿಯೂ ಇರುವುದಿಲ್ಲ, ಒಂದು ದಿನದ ರಜೆ ಸಿಕ್ಕವನು ಒಂದು ದಿನದಲ್ಲಿಯೇ ಮುಗಿಸಲೇಬೇಕಲ್ಲ ಎಂದು ಕೇಳಬಹುದು. ಅಂಥವನು ಅರ್ಧ ದಾರಿಯವರೆಗೆ ಹೋಗಿ ಮರಳಿದರೆ ನಷ್ಟವೇನು ಎಂದು ನಾನು ಮರಳಿ ಕೇಳುತ್ತೇನೆ. ದಾರಿಯನ್ನು ಮುಗಿಸಲೇಬೇಕೆಂಬ ಹಟವೇ ಗಡಿಯಾರದಿಂದ ಬಂದುದು. ವಿದ್ಯುತ್ ಮೋಟಾರಿನ ಸೈಕಲ್ಲನ್ನು ಕುರಿತು ನನಗೆ ದ್ವೇಷವಿಲ್ಲ. ವಯಸ್ಸಾದವರೊಬ್ಬರು ಅದರ ನೆರವಿನಿಂದ ಗೆಳೆಯರೊಡನೆ ಸಂಜೆಯ ಒಲೆಯನ್ನು ಸೇರಿದರೆ ಆ ಮೋಟಾರು ಧನ್ಯ. ಅದೇ ಮೋಟಾರಿನಿಂದ ಎರಡು ತಂಗುಮನೆಗಳನ್ನು ಹಾರಿಸಿ ಮೂರನೆಯದಕ್ಕೆ ಓಡುವವನೊಡನೆ ಮಾತ್ರ ನನ್ನ ಜಗಳ. ಕೊಲರಾಡೊದ ಟೆಲ್ಯುರೈಡಿನಿಂದ ಯೂಟಾ ಸಂಸ್ಥಾನದ ಮೋಆಬಿಗೆ ಹೋಗುವ ಏಳು ದಿನಗಳ ಪ್ರಸಿದ್ಧ ಸವಾರಿಯಲ್ಲಿ ಆರು ತಂಗುಮನೆಗಳಿವೆ. ಆಹಾರಸಾಮಗ್ರಿ, ನೀರು, ಸೌದೆ, ಹೊದಿಕೆ ಎಲ್ಲವನ್ನೂ ಮುಂಚೆಯೇ ಅಲ್ಲಿ ತಂದಿಟ್ಟಿರುತ್ತಾರೆ. ಅದು ಸುಖವನ್ನು ಹೆಚ್ಚಿಸಿದಂತಾಗಲಿಲ್ಲವೆ? ಆಯಿತು, ಆದರೂ ಅಲ್ಲಿಯೂ ಅಡುಗೆ ಮಾಡುವವರು ಬಂದವರೇ, ಮನೆಗೆ ಎಂಟೇ ಮಂಚಗಳು. ಸುಖದ ಮಿತಿಯನ್ನು ವಸ್ತುಗಳಿಂದಲ್ಲ, ಕೈಗೆ ಕೆಲಸ ಉಳಿದಿದೆಯೋ ಇಲ್ಲವೋ ಎಂಬುದರಿಂದ ಅಳೆಯಬೇಕು. ಒಳಗೆ ಕಾಲಿಟ್ಟವನು ಅತಿಥಿಯಾಗಿ ಕುಳಿತುಬಿಡುವಂತಾದರೆ ಅದು ತಂಗುಮನೆಯಲ್ಲ.

ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಇಂಥವನ್ನು ಏಕೆ ಕಟ್ಟಬಾರದೆಂದು ಉತ್ಸಾಹಿಗಳು ಕೇಳಿಯಾರು. ಅವಸರದಿಂದ ಹೌದೆನ್ನಲಾರೆ. ನ್ಯೂಜಿಲೆಂಡಿನ ಕಾಡಿನಲ್ಲಿ ರಾತ್ರಿ ಸುಳಿಯುವುದು ಬಸವನಹುಳು. ನಮ್ಮದರಲ್ಲಿ ಆನೆಯೂ ಹುಲಿಯೂ ಕಾಟಿಯೂ ಇವೆ, ಇರುಳು ಅವುಗಳ ಪಾಲು. ಅವುಗಳ ಪಾಲನ್ನು ಕಸಿದು ಕಟ್ಟುವ ಮನೆ ಎಷ್ಟು ಸರಳವಾಗಿದ್ದರೂ ಅನ್ಯಾಯವೇ. ಆದುದರಿಂದ ಅಲ್ಲಿಂದ ನಾವು ತರಬಹುದಾದದ್ದು ಕಟ್ಟಡವಲ್ಲ, ನಡೆ. ಮುಂಜಾನೆ ಬೆಂಗಳೂರಿನಿಂದ ಹೊರಟು ನಂದಿಬೆಟ್ಟವನ್ನೇರಿ, ಏರಿದ ನಿಮಿಷಗಳನ್ನು ಮೊಬೈಲಿನಲ್ಲಿ ತಾಳೆ ನೋಡಿ, ತಿಂಡಿಯ ಹೊತ್ತಿಗೆ ಮನೆ ಸೇರುವ ನಮ್ಮ ತರುಣ ಸವಾರರು ದೇಹವನ್ನು ಚೆನ್ನಾಗಿ ಪಳಗಿಸಿದ್ದಾರೆ. ಒಮ್ಮೆ ಅವರು ಗಡಿಯಾರವನ್ನು ಬಿಚ್ಚಿಟ್ಟು, ಊರಿಂದ ಊರಿಗೆ, ಪರಿಚಿತರ ಮನೆಯ ಜಗಲಿಯಿಂದ ಜಗಲಿಗೆ, ತಮ್ಮಲ್ಲಿ ನಿಧಾನಿಯಾದವನ ಹೆಜ್ಜೆಗೆ ಹೊಂದಿ ಹೋಗಿ ನೋಡಲಿ.

ಕೊನೆಗೆ ನನ್ನ ಸಲಹೆ ಇಷ್ಟೇ, ಎರಡು ಕಡೆಗೂ. ದಾರಿಯನ್ನು ಕಾಯುವವರು ಹೊಸ ತಂಗುಮನೆಗಳನ್ನು ಕಟ್ಟುವಾಗ ಮಂಚಗಳನ್ನು ಹೆಚ್ಚಿಸುವುದಕ್ಕಿಂತ ಮೊದಲು ಹಳೆಯವುಗಳ ಮಾಡು ಸೋರದಂತೆ ನೋಡಲಿ, ಬಡತನವನ್ನು ನಾಚಿಕೆಯೆಂದು ಎಣಿಸದಿರಲಿ. ಹೋಗುವವರು ತಮಗೆ ಎಷ್ಟು ದಿನ ಸಾಕೆಂದು ಲೆಕ್ಕ ಹಾಕಿ, ಅದಕ್ಕೆ ಒಂದು ದಿನವನ್ನು ಸೇರಿಸಲಿ. ಆ ಒಂದು ದಿನ ಮಳೆ ಬಂದರೆ ಮಳೆಗೆ, ಟ್ಯೂಬು ಒಡೆದರೆ ಪ್ಯಾಚು ಹಾಕುವುದಕ್ಕೆ, ಮಿತ್ರನ ಮೊಣಕಾಲು ನೊಂದರೆ ಅವನಿಗೆ ಉಪಯೋಗವಾಗುತ್ತದೆ. ಏನೂ ಆಗದಿದ್ದರೆ ಮಾತಿಗೆ. ಪರ್ಲ್ ಪಾಸನ್ನು ದಾಟಿದವರಿಗೆ ಎಷ್ಟು ಗಂಟೆ ಹಿಡಿಯಿತೆಂದು ಯಾರೂ ಕೇಳುವುದಿಲ್ಲ. ಅವರು ಕೂಡಿ ಹೋದರು, ನಡುವೆ ತಂಗಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಬೆಟ್ಟದ ಸೈಕಲ್ಲನ್ನು ಕೊಳ್ಳುವವನು ಈ ಎರಡು ಪರಂಪರೆಗಳಲ್ಲಿ ತನ್ನದು ಯಾವುದೆಂದು ಆರಿಸಿಕೊಳ್ಳಬಹುದು. ಎರಡನೆಯದನ್ನು ಆರಿಸಿದವನಿಗೆ ಸೋಲುವ ಸಂಭವವೇ ಇಲ್ಲ.